ಸೈಕಲ್ ಪಂದ್ಯಕ್ಕೆ ನಾನು ಕೊಟ್ಟ ಮೂರು ಸಲಹೆ

ಲೋಕದಲ್ಲಿ ನ್ಯಾಯ ಸ್ಥಾಪಿಸಬೇಕೆಂಬ ಒಂದೇ ಉದ್ದೇಶದಿಂದ ನಾನು ಆ ಸಲಹೆಗಳನ್ನು ಕೊಟ್ಟೆ. ಹೊಟ್ಟೆಕಿಚ್ಚಿನಿಂದ ಕೊಟ್ಟೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಹೇಳುವವಳು ನನ್ನ ಹೆಂಡತಿ.

ಆಗ ನಾನು ಅರಸೀಕೆರೆಯಲ್ಲಿ ಮೇಷ್ಟ್ರು. ಊರಿನಲ್ಲಿ ಸೈಕಲ್ ಇದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಕೊಬ್ಬರಿ ಮಂಡಿಯ ಸಿದ್ದಪ್ಪ ಸಾಹುಕಾರರು ವರ್ಷಕ್ಕೊಮ್ಮೆ ಎರಡು ದಿನದ ಸೈಕಲ್ ಪಂದ್ಯ ನಡೆಸುತ್ತಿದ್ದರು. ಮೊದಲ ದಿನ ಅರಸೀಕೆರೆಯಿಂದ ಹಳೇಬೀಡಿಗೆ, ಮರುದಿನ ಹಳೇಬೀಡಿನಿಂದ ಬೇಲೂರಿಗೆ. ಮಂಡಿಯವರು ಸಂಬಳ ಕೊಟ್ಟು ಸವಾರರನ್ನು ಇಟ್ಟುಕೊಂಡಿದ್ದರು. ನಾನೊಬ್ಬ ಮಾತ್ರ ಸ್ವಂತ ಹುಮ್ಮಸ್ಸಿನ ಮೇಲೆ ತುಳಿಯುತ್ತಿದ್ದೆ.

ಗೆಲ್ಲುತ್ತಿದ್ದವನು ನಂಜುಂಡಪ್ಪ. ಪ್ರತಿ ವರ್ಷವೂ ಅವನೇ! ಸಾಲದ್ದಕ್ಕೆ ನಮ್ಮ ಪಕ್ಕದ ಮನೆಯವನು.

"ನಂಜುಂಡಪ್ಪೋರು ಸೈಕಲ್ ಮೇಲೆ ಕೂತರೆ ತೆಂಗಿನಮರ ನೆಟ್ಟಂಗಿರುತ್ತೆ ಕಣ್ರೀ," ಎಂದಿದ್ದಳು ನನ್ನ ಹೆಂಡತಿ ಕಮಲ.

"ನಾನು ಕೂತರೆ?"

"ರಾಗಿ ಬೀಸಿದಂಗೆ."

ಆ ವರ್ಷ ಸಾಹುಕಾರರು ಸಭೆ ಕರೆದರು. "ಗೆಲ್ಲೋನು ಯಾರೂಂತ ಮೊದಲೇ ಗೊತ್ತು, ಜನ ನೋಡಕ್ಕೇ ಬರ್ತಿಲ್ಲ. ಏನಾದ್ರೂ ಉಪಾಯ ಹೇಳ್ರಪ್ಪಾ," ಅಂದರು.

ನಾನು ಗಂಭೀರವಾಗಿ ಎದ್ದು ನಿಂತೆ. ಒಂದು, ಮೊದಲ ದಿನ ಗೆದ್ದವನು ಎರಡನೇ ದಿನ ಇಪ್ಪತ್ತು ತೆಂಗಿನಕಾಯಿ ಹೊತ್ತು ಸೈಕಲ್ ತುಳಿಯತಕ್ಕದ್ದು. ಎರಡು, ಅವನು ಎಲ್ಲರಿಗಿಂತ ಕೊನೆಗೆ ಹೊರಡತಕ್ಕದ್ದು. ಮೂರು, ದಾರಿಯಲ್ಲಿ ಇಳಿದು ಹತ್ತೊಂಬತ್ತರ ಮಗ್ಗಿ ಒಪ್ಪಿಸತಕ್ಕದ್ದು.

"ಭಲೇ ಮೇಷ್ಟ್ರೇ!" ಎಂದು ಮೊದಲು ಚಪ್ಪಾಳೆ ತಟ್ಟಿದವನು ನಂಜುಂಡಪ್ಪ. ಅವನ ಒಳ್ಳೆಯತನ ಕಂಡರೆ ನನಗೆ ಇನ್ನಷ್ಟು ಉರಿ.

ಪಂದ್ಯದ ಮೊದಲ ದಿನ ಜಾವಗಲ್ ಹತ್ತಿರ ಒಂದು ಎತ್ತಿನ ಗಾಡಿ ಚಕ್ರ ಕಳಚಿಕೊಂಡು ರಸ್ತೆಗೆ ಅಡ್ಡ ಬಿದ್ದಿತ್ತು. ನಂಜುಂಡಪ್ಪ ಇಳಿದು ಹೆಗಲು ಕೊಟ್ಟ. ಅವನನ್ನು ನೋಡಿ ಉಳಿದ ಸವಾರರೂ ಇಳಿದರು. ತುಂಬಾ ಹಿಂದಿದ್ದ ನಾನು ಬಂದವನೇ ಗಂಟೆ ಬಾರಿಸಿಕೊಂಡು ಪಕ್ಕದ ಹೊಲಕ್ಕಿಳಿದು ಮುಂದೆ ಹೋದೆ. ಹಿಂತಿರುಗಿ ನೋಡಲಿಲ್ಲ. ನ್ಯಾಯ ಸ್ಥಾಪಿಸುವವನಿಗೆ ಗಾಡಿ ಎತ್ತಲು ಪುರಸೊತ್ತೆಲ್ಲಿ!

ಹಳೇಬೀಡಿಗೆ ನಾನೇ ಮೊದಲು! ಹಾರ ಹಾಕಿದರು, ಎಳನೀರು ಕೊಟ್ಟರು. ಅರ್ಧ ಎಳನೀರು ಕುಡಿಯುವಷ್ಟರಲ್ಲಿ ಸಾಹುಕಾರರ ಆಳು ಒಂದು ಮೂಟೆ ತಂದು ನನ್ನ ಕಾಲ ಬಳಿ ಇಳಿಸಿದ.

"ಏನಯ್ಯಾ ಇದು?"

"ನಾಳೀಕೆ ಕಾಯಿ, ಮೇಷ್ಟ್ರೇ. ತಾವೇ ಹೇಳಿದ್ರಂತಲ್ಲ?"

ಮರುದಿನ ಎಲ್ಲರೂ ಕಣ್ಮರೆಯಾದ ಮೇಲೆ ನನ್ನನ್ನು ಬಿಟ್ಟರು. ಸ್ವಲ್ಪ ದೂರದಲ್ಲೇ ಶಾನುಭೋಗರು ಮಗ್ಗಿ ಕೇಳಲು ಕುರ್ಚಿ ಹಾಕಿಕೊಂಡು ಕೂತಿದ್ದರು. ಸುತ್ತ ಅರ್ಧ ಊರೇ ನೆರೆದಿತ್ತು. ಏದುಸಿರು ಬಿಡುತ್ತಾ "ಹತ್ತೊಂಬತ್ತೇಳ್ಲಿ ನೂರಾ ಮೂವತ್ತಮೂರು" ತನಕ ಬಂದೆ. ಮುಂದೆ ಬರಿ ಉಸಿರು.

"ಮೊದಲಿಂದ ಹೇಳಿ ಮೇಷ್ಟ್ರೇ," ಅಂದರು ಶಾನುಭೋಗರು ಶಾಂತವಾಗಿ. ಮೂರು ಸಲ ಮೊದಲಿಂದ ಹೇಳಿದೆ!

ಮುಂದಿನ ಇಳಿಜಾರಿನಲ್ಲಿ ಮೂಟೆ ಬಿಚ್ಚಿಕೊಂಡಿತು. ಕಾಯಿಗಳು ನನಗಿಂತ ವೇಗವಾಗಿ ಬೇಲೂರಿನ ಕಡೆ ಹೊರಟವು. ಹದಿನೆಂಟು ಸಿಕ್ಕವು. ಹತ್ತೊಂಬತ್ತನೆಯದನ್ನು ಹುಡುಕಿಕೊಂಡು ಸೈಕಲ್ ಸಮೇತ ಜಾಲಿ ಪೊದೆಗೆ ನುಗ್ಗಿದೆ. ಪಂಚೆ ಅಲ್ಲೇ ಅರ್ಧ ಉಳಿಯಿತು. ಹಿಂದಿನ ಟೈರು 'ಢಮಾರ್' ಅಂದಿತು. ನಾನು ಕಾಯಿ ರಾಶಿಯ ಪಕ್ಕದಲ್ಲಿ, ಮಾರಲು ಕೂತವನ ಹಾಗೆ ಕೂತೆ. ದಾರಿಹೋಕನೊಬ್ಬ "ಎಂಗ್ ಕೊಟ್ರಿ?" ಅಂತ ಕೇಳಿಯೂ ಬಿಟ್ಟ.

ಬಹಳ ಹೊತ್ತಿನ ಮೇಲೆ ಬೇಲೂರಿನ ಕಡೆಯಿಂದ ಒಂದು ಸೈಕಲ್ ಬಂತು. ನಂಜುಂಡಪ್ಪ! ಗೆದ್ದು, ಹಾರ ಹಾಕಿಸಿಕೊಂಡು, ನನ್ನನ್ನು ಹುಡುಕಿಕೊಂಡು ಬಂದಿದ್ದ.

"ಪೆಟ್ಟಾಯ್ತಾ ಮೇಷ್ಟ್ರೇ? ನಿಮ್ಮ ಮನೆಯೋರು ಗಾಬರಿ ಆಗವ್ರೆ. ಬನ್ನಿ, ಕೂತ್ಕೊಳ್ಳಿ."

ಕಮಲಳ ತವರು ಬೇಲೂರು. ಅಂತೂ ಅವಳ ಎದುರಿಗೆ, ನನ್ನ ಮಾವನವರ ಎದುರಿಗೆ, ನಂಜುಂಡಪ್ಪನ ಕ್ಯಾರಿಯರ್ ಮೇಲೆ, ಮಡಿಲಲ್ಲಿ ತೆಂಗಿನಕಾಯಿ ಮೂಟೆ ಇಟ್ಟುಕೊಂಡು, ಬಸುರಿಯಂತೆ ನಾನು ಊರು ಪ್ರವೇಶಿಸಿದೆ. ಅಂಥ ಚಪ್ಪಾಳೆಯನ್ನು ಆ ಪಂದ್ಯ ಎಂದೂ ಕಂಡಿರಲಿಲ್ಲ!

ಕಮಲ ಓಡಿ ಬಂದು ನನ್ನ ಮೊಣಕೈಯ ರಕ್ತ ಒರೆಸಿದಳು. ಒರೆಸುತ್ತಲೇ, "ನಿಮ್ಮಿಂದ ದೊಡ್ಡ ಉಪಕಾರ ಆಯ್ತಣ್ಣಾ," ಎಂದು ನಂಜುಂಡಪ್ಪನಿಗೆ ಹೇಳಿದಳು. ಉರಿದದ್ದು ಮೊಣಕೈ ಅಲ್ಲ.

ಸಾಹುಕಾರರು ಕಣ್ಣೀರು ಬರುವಷ್ಟು ನಕ್ಕು ಘೋಷಿಸಿದರು: "ಬರೋ ವರ್ಷ ನಂಜುಂಡಪ್ಪ ಬರದಿದ್ರೂ ಪರವಾಗಿಲ್ಲ, ನಮ್ಮ ಮೇಷ್ಟ್ರು ಬರಲೇಬೇಕು!"

ಕಡೆಗೂ ನಾನು ನಂಜುಂಡಪ್ಪನನ್ನು ಮೀರಿಸಿದ್ದೆ! ಅವನ ಮುಖದಲ್ಲಿ ಒಂದು ಚೂರಾದರೂ ಹೊಟ್ಟೆಕಿಚ್ಚು ಕಾಣುತ್ತದೆಯೇ ಎಂದು ಆಸೆಯಿಂದ ನೋಡಿದೆ.

ಅವನು ನಗುತ್ತಿದ್ದ. ಎಲ್ಲರಿಗಿಂತ ಜೋರಾಗಿ.