ನನ್ನ ಕಾರು ಮುದ್ದೆ ಉಂಡ ದಿನ

ಎಂಜಿನ್ನಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಹೊಳೆನರಸೀಪುರಕ್ಕೆಲ್ಲ ಸಾರಿದವನು ನಾನೇ. ಆದ್ದರಿಂದ ನಂಬಿದ್ದು ಊರಿನವರ ತಪ್ಪಲ್ಲ. ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಪ್ರತಿವರ್ಷ ಮೂರು ಸೆಕ್ಷನ್ನಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಹೈಸ್ಕೂಲು ಮೇಷ್ಟ್ರು ಸುಳ್ಳು ಹೇಳುತ್ತಾನೆಯೇ?

ಕಾರು ಹಾಸನದ ಒಬ್ಬ ಮುದಿ ಡಾಕ್ಟರಿಂದ ನನ್ನ ಕೈಗೆ ಬಂದದ್ದು. ವಿಲಾಯತಿ ಮಾಲು. ಬೀಗದ ಕೈ ಕೊಡುವಾಗ ಡಾಕ್ಟರು, "ಚೆನ್ನಾಗಿ ನೋಡ್ಕೊಳ್ಳಿ" ಎಂದವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರಿಗೆ ದುಃಖ ತಡೆಯಲಾಗಲಿಲ್ಲ ಎಂದು ಆಗ ತಿಳಿದಿದ್ದೆ. ನನ್ನ ಹೆಂಡತಿ ಗಿರಿಜೆ ಮಾತ್ರ ಒಂದೇ ವಾರದಲ್ಲಿ ಅದಕ್ಕೆ 'ಹಂಡೆ' ಎಂದು ಹೆಸರಿಟ್ಟಳು. ಯಾವಾಗ ಮುಚ್ಚಳ ತೆಗೆದರೂ ಬಿಸಿನೀರು ಸಿದ್ಧ!

ಆ ವರ್ಷ ಗಿರಿಜೆಯ ತಂಗಿಗೆ ಮದುವೆ ಗೊತ್ತಾಯಿತು. ನಮ್ಮ ಮಾವನವರಿಗೆ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ. ಮಾತು ಕಡಿಮೆ, ಹುಬ್ಬು ಜಾಸ್ತಿ. "ಅಳೀಮಯ್ಯ ಓದ್ಕೊಂಡೋರು, ಅವ್ರಿಗೆ ಕೆಲ್ಸ ಯೋಳ್ಬೇಡಿ" ಎನ್ನುವುದು ಅವರ ಪದ್ಧತಿ. ಕೇಳುವವರಿಗೆ ಇದು ಗೌರವ. ನನಗೆ ಮಾತ್ರ ಒಳಗಿನ ಅರ್ಥ ಗೊತ್ತು. ಮದುವೆಯಾಗಿ ಏಳು ವರ್ಷವಾದರೂ ಆ ಮನೆಯಲ್ಲಿ ಒಂದು ಬಾಳೆಗೊನೆ ತರಲೂ ಯಾರೂ ನನ್ನನ್ನು ಕಳಿಸಿರಲಿಲ್ಲ.

ಮದುವೆ ಅಡುಗೆಗೆ ಅರಕಲಗೂಡಿನ ನಂಜುಂಡಪ್ಪನವರನ್ನು ಗೊತ್ತು ಮಾಡಿದ್ದರು. ಅವರ ಕೈಯಡುಗೆ ಎಂದರೆ ಮೂರು ತಾಲ್ಲೂಕು ನಾಲಿಗೆ ಚಪ್ಪರಿಸುತ್ತಿತ್ತು. ಮದುವೆಯ ಹಿಂದಿನ ದಿನ ಸಾಯಂಕಾಲ ಗಂಡಿನ ಕಡೆಯ ಇನ್ನೂರು ಜನ ಬೀಗರು ಬಂದಿಳಿಯುವವರು. ಮಧ್ಯಾಹ್ನ ಎರಡಕ್ಕೆ ಒಲೆ ಹತ್ತದಿದ್ದರೆ ಅವರ ಮುಂದೆ ಬರೀ ಎಲೆ ಹಾಕಬೇಕು. "ನಮ್ಮೂರಿಂದ ಹತ್ತು ಗಂಟೆಗೆ ಹೊರಡೋ ಬಸ್ಸಿಗೆ ಬಂದ್ಬುಡ್ತೀನಿ" ಎಂದು ನಂಜುಂಡಪ್ಪನವರು ಹೇಳಿಕಳಿಸಿದ್ದರು. ಅಲ್ಲಿಗೆ ಎಲ್ಲವೂ ಸರಿಯಾಗಿತ್ತು.

ಆಗ ನಾನು ಬಾಯಿ ಬಿಟ್ಟೆ.

"ಬಸ್ಸು ಯಾಕೆ ಮಾವ? ನನ್ನ ಕಾರಿಲ್ಲವೇ!"

ಮಾವನವರ ಹುಬ್ಬು ಮೇಲೇರಿತು. ಗಿರಿಜೆ ಅಡ್ಡ ಬಂದು, "ಅವ್ರೇ ಕರ್ಕೊಂಡ್ಬತ್ತಾರೆ ಬುಡಪ್ಪ, ನಾನೂ ಜೊತೇಲಿ ಇರ್ತೀನಿ" ಎಂದಳು. ನನ್ನ ಪರವಾಗಿ ತವರಿನಲ್ಲಿ ಅವಳು ಕೊಟ್ಟ ಮೊದಲ ಜಾಮೀನು ಅದು. ನನ್ನ ಎದೆ ಎರಡಂಗುಲ ಉಬ್ಬಿತು.

ಹೊರಡುವ ಹಿಂದಿನ ಸಂಜೆ ನಮ್ಮೂರಲ್ಲಿ ಕಾರಿಗೆ ಮಂಗಳಸ್ನಾನ ಮಾಡಿಸಿದೆ. ಹೊರಗೆ ಮಾತ್ರವಲ್ಲ, ಒಳಗೂ! ಎಂಜಿನ್ನನ್ನು ತಣ್ಣಗಿಡುವ ನೀರು ನಿಲ್ಲುವುದು ಮುಂದಿನ ರೇಡಿಯೇಟರಿನಲ್ಲಿ. ಅದರ ಬುಡದಲ್ಲಿ ಒಂದು ಪುಟ್ಟ ಹಿತ್ತಾಳೆ ನಲ್ಲಿ. ಅದನ್ನು ಬಿಟ್ಟು ಹಳೆಯ ಕೆಂಪು ನೀರನ್ನೆಲ್ಲ ಹರಿಸಿ, ನಲ್ಲಿ ತಿರುಗಿಸಿ, ಹೇಮಾವತಿಯ ಹೊಸ ನೀರು ತುಂಬಿಸಿದೆ.

ಇಲ್ಲಿ ನನ್ನದೊಂದು ಸಿದ್ಧಾಂತವನ್ನು ಓದುಗರಿಗೆ ಅರಿಕೆ ಮಾಡಿಕೊಳ್ಳಬೇಕು. ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿದರೆ ಬೇಗ ಸವೆಯುತ್ತದೆ. ಆದ್ದರಿಂದ ಸುಸಂಸ್ಕೃತನಾದವನು ಅದನ್ನು ಮುಕ್ಕಾಲು ಪಾಲು ಮಾತ್ರ ತಿರುಗಿಸತಕ್ಕದ್ದು. ಪುರಸಭೆಯವರು ನಮ್ಮ ಮನೆಗೆ ನಲ್ಲಿ ಹಾಕಿಕೊಟ್ಟ ದಿನದಿಂದ ನಾನು ಇದನ್ನು ಪಾಲಿಸುತ್ತ ಬಂದಿದ್ದೇನೆ. ಗಿರಿಜೆಯೂ ಅಂದಿನಿಂದ ನನ್ನ ಹಿಂದೆಯೇ ಬಂದು ನಲ್ಲಿಯ ಕೆಳಗೆ ಒಂದು ಚೊಂಬು ಇಡುತ್ತ ಬಂದಿದ್ದಾಳೆ.

ಬೆಳಿಗ್ಗೆ ನೋಡಿದರೆ ಕಾರಿನ ಅಡಿ ಒದ್ದೆ.

"ರೀ, ಸೋರ್ತಾ ಐತಲ್ಲ?"

"ಇಬ್ಬನಿ. ತಣ್ಣನೆಯ ಲೋಹದ ಮೇಲೆ ಗಾಳಿಯಲ್ಲಿನ ತೇವ ಹನಿಗಟ್ಟುತ್ತದೆ. ಎಂಟನೇ ಕ್ಲಾಸಿನ ಪಾಠ."

"ನಿನ್ನೆ ಆ ನಲ್ಲಿ ಸರಿಯಾಗಿ ತಿರುಗ್ಸಿದ್ರಾ?"

ನನಗೆ ರೇಗಿತು. "ನೋಡು ಗಿರಿಜಾ, ಇದು ಎಂಜಿನ್ನು. ಇದರಲ್ಲಿ ಬಚ್ಚಲುಮನೆ, ಅಡುಗೆಮನೆ ಮಾತು ತರಬೇಡ!"

ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿ ಕುಳಿತಳು. ಅರಕಲಗೂಡಿನ ದಾರಿ ಹಿಡಿದೆವು.

ನಂಜುಂಡಪ್ಪನವರು ಬಾಗಿಲಲ್ಲೇ ನಿಂತಿದ್ದರು. ಸೌಟು, ಜಾಲರಿ, ಎರಡು ಕೊಳದಪ್ಪಲೆ, ಜೊತೆಗೆ ಎದೆಗವಚಿಕೊಂಡ ಒಂದು ಬಟ್ಟೆಯ ಗಂಟು. ಅದರಲ್ಲೇನು ಎಂದು ಕೇಳಿದೆ.

"ರಾಗಿಟ್ಟು ಸಾ. ನಾನು ಮಾಡಿದ್ ಮದ್ವೆ ಅಡ್ಗೆ ನಾನು ಉಣ್ಣಾಕಿಲ್ಲ. ನಂಗೆ ಮುದ್ದೆನೇ ಆಗ್ಬೇಕು."

ರೇಡಿಯೇಟರಿಗೆ ಅವರ ಮನೆಯ ಒಂದೂವರೆ ಕೊಡ ನೀರು ಹಿಡಿಯಿತು. ಕಾರಿಗೂ ಬಾಯಾರಿಕೆ ಇರುತ್ತದೆ ಎಂದು ನಾನು ಸಮಜಾಯಿಷಿ ಕೊಟ್ಟೆ. ಒಂಬತ್ತಕ್ಕೆ ಹೊರಟು, ನಮ್ಮೂರಲ್ಲಿ ಮತ್ತೊಂದು ಕೊಡ ನೀರು ಕುಡಿಸಿ, ಚನ್ನರಾಯಪಟ್ಟಣದ ದಾರಿ ಹಿಡಿದೆವು. ಐದಾರು ಮೈಲಿ ಹೋಗುವಷ್ಟರಲ್ಲಿ ಕಾರಿನ ಮೂಗಿನಿಂದ ಹೊಗೆ.

"ಇದೂ ಇಬ್ಬನಿಯೇನ್ರೀ?" ಎಂದಳು ಗಿರಿಜೆ.

ಕೆಳಗಿಳಿದು ಪರೀಕ್ಷಿಸಿ ಎಂಜಿನ್ನಿಗೆ ಗಾಳಿ ಸಾಲದು ಎಂಬ ನಿರ್ಣಯಕ್ಕೆ ಬಂದೆ. ಬಾನೆಟ್ಟನ್ನು ಪೂರ್ತಿ ಬಿಚ್ಚಿ, ಕಾರಿನ ನೆತ್ತಿಯ ಮೇಲಿದ್ದ ಕೊಳದಪ್ಪಲೆಗಳ ಜೊತೆ ಕಟ್ಟಿದೆ. ಈಗ ಗಾಳಿ ಧಾರಾಳವಾಗಿ ಬಂತು. ಜೊತೆಗೆ ಎಣ್ಣೆ, ಧೂಳು ಮತ್ತು ಒಂದು ಮಿಡತೆ ನೇರವಾಗಿ ನಮ್ಮ ಮುಖಕ್ಕೂ ಬಂದವು. ಮೂರು ಮೈಲಿಯ ಮೇಲೆ ಮತ್ತೆ ಹೊಗೆ. ಒಳಗೆಷ್ಟು ನೀರಿದೆ ನೋಡೋಣವೆಂದು, ನಮ್ಮ ಮದುವೆಯಲ್ಲಿ ಮಾವನವರು ಹೊದಿಸಿದ್ದ ಜರಿ ಶಲ್ಯವನ್ನು ಕೈಗೆ ಸುತ್ತಿಕೊಂಡು ಮುಚ್ಚಳ ತಿರುಗಿಸಿದೆ. ಬುಸ್! ಮುಚ್ಚಳ ಹಾರಿತು, ಶಲ್ಯ ಹಾರಿತು, ನಾನೂ ಹಾರಿದೆ. ಮುಚ್ಚಳ ಸಿಕ್ಕಿತು. ಶಲ್ಯ ಪಕ್ಕದ ಜಾಲಿ ಗಿಡದ ಮೇಲೆ ಚೂರುಚೂರಾಗಿ ಸಿಕ್ಕಿತು.

ಹತ್ತಿರದ ಕಟ್ಟೆಯಿಂದ ಕೊಳದಪ್ಪಲೆಯಲ್ಲಿ ನೀರು ತಂದು ಹಾಕಿದೆವು. ಹಾಕಿದಷ್ಟೂ ಬುಡದಲ್ಲಿ ತೊಟ್ಟಿಕ್ಕುತ್ತಿತ್ತು. ಗಂಟೆ ಹನ್ನೊಂದೂವರೆ. ನಂಜುಂಡಪ್ಪನವರು ಬಗ್ಗಿ, ಅನ್ನ ಬೆಂದಿದೆಯೇ ಎಂದು ನೋಡುವವರ ಹಾಗೆ ಒಂದು ಹನಿಯನ್ನು ಬೆರಳಿನಿಂದ ಮುಟ್ಟಿದರು.

"ಒಲೆ ಮ್ಯಾಗಿನ್ ಮಡ್ಕೆ ಸೋರುದ್ರೆ ನಮ್ಮಟ್ಟೀಲಿ ಇಟ್ಟು ಮೆತ್ತೋದು ಸಾ. ಬಿಸಿಗೆ ಕಚ್ಕೊಂಡ್ಬುಡ್ತದೆ."

ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಹೊರಗೆ ಮೆತ್ತುವುದೇಕೆ? ಒಳಗೇ ಹಾಕಿದರೆ! ಪಿಷ್ಟ ಪದಾರ್ಥವು ಶಾಖಕ್ಕೆ ಉಬ್ಬುತ್ತದೆ. ಉಬ್ಬಿದ್ದು ರಂಧ್ರವನ್ನು ಹುಡುಕಿಕೊಂಡು ಹೋಗಿ ಮುಚ್ಚುತ್ತದೆ. ಇದನ್ನು ನಾನು ರಸ್ತೆಯಲ್ಲೇ ನಿಂತು ಸವಿಸ್ತಾರವಾಗಿ ವಿವರಿಸಿದೆ.

"ನಾನು ನಲ್ಲಿ ಅಂದ್ರೆ ಬಚ್ಚಲ್ಮನೆ ಮಾತು. ಅವ್ರು ಇಟ್ಟು ಅಂದ್ರೆ ಸೈನ್ಸಾ?" ಎಂದಳು ಗಿರಿಜೆ.

ನಾನು ಕೇಳಿಸಿಕೊಳ್ಳಲಿಲ್ಲ. ನಂಜುಂಡಪ್ಪನವರು ಗಂಟು ಬಿಚ್ಚಿ ಒಂದು ಹಿಡಿ ಕೊಟ್ಟರು. ಹಾಕಿದೆ. ಸಾಲದೆನಿಸಿತು. ಮತ್ತೆರಡು ಹಿಡಿ. ಆಮೇಲೆ ಗಂಟನ್ನೇ ಕೊಡವಿದೆ.

ನಂಬಿ ಸ್ವಾಮಿ, ಹತ್ತೇ ನಿಮಿಷದಲ್ಲಿ ತೊಟ್ಟಿಕ್ಕುವುದು ನಿಂತಿತು! ಒಂದು ಹನಿಯೂ ಇಲ್ಲ! ನಾನು ಗಿರಿಜೆಯ ಕಡೆ ತಿರುಗಿ ನೋಡಿದ ನೋಟವನ್ನು ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ.

ಆಮೇಲಿನ ದಾರಿಯಲ್ಲಿ ಎಷ್ಟೋ ಮೈಲಿ ನಾನು ಮಹಾ ವಿಜ್ಞಾನಿಯಾಗಿದ್ದೆ. ಚನ್ನರಾಯಪಟ್ಟಣಕ್ಕೆ ನಾಲ್ಕು ಮೈಲಿ ಉಳಿದಿದೆ ಎನ್ನುವಾಗ ಘಮ್ಮೆಂದು ಒಂದು ಪರಿಚಿತ ವಾಸನೆ ಬಂತು. ಹಿಂದಿನ ಸೀಟಿನಿಂದ ನಂಜುಂಡಪ್ಪನವರು ಮೂಗರಳಿಸಿ, ತೀರ್ಪು ಕೊಡುವವರಂತೆ ಹೇಳಿದರು:

"ಸಾ, ಬೆಂದದೆ."

ಎಂಜಿನ್ನು ಗೊರಗೊರ ಎಂದಿತು. ಮುಚ್ಚಳ ಇನ್ನೊಮ್ಮೆ ಹಾರಿತು. ಈ ಸಲ ಬಂದದ್ದು ನೀರಲ್ಲ. ಕಂದು ಬಣ್ಣದ, ಹದವಾದ, ಕುದಿಯುವ ಅಂಬಲಿ! ಗಾಜಿನ ಮೇಲೆ ಅಂಬಲಿ, ಮೇಲೆ ಕಟ್ಟಿದ ಬಾನೆಟ್ಟಿನ ಮೇಲೆ ಅಂಬಲಿ. ಇಣುಕಿ ನೋಡಲು ಕಿಟಕಿಯಿಂದ ತಲೆ ಹೊರಹಾಕಿದ್ದ ನನ್ನ ಹಣೆಯ ಮೇಲೂ ಅಂಬಲಿ. ಕಾರು ನಿಂತಿತು. ನಂಜುಂಡಪ್ಪನವರು ಇಳಿದು ರೇಡಿಯೇಟರಿನೊಳಗೆ ಇಣುಕಿದರು.

"ತಳದಾಗೆ ಗಂಟು ಕಟ್ಬುಟ್ಟದೆ. ಇನ್ನೊಂಚೂರು ನೀರು ಬೇಕಾಗಿತ್ತು ಸಾ."

ಗಂಟೆ ಒಂದು. ಬಿಸಿಲು ನೆತ್ತಿ ಸುಡುತ್ತಿತ್ತು. ಹಚ್ಚದ ಒಲೆ, ಬರುತ್ತಿರುವ ಇನ್ನೂರು ಬೀಗರು, ಮಾವನವರ ಹುಬ್ಬು ಕಣ್ಣ ಮುಂದೆ ಬಂದವು. ನನಗೆ ನಿಜವಾಗಿ ಅಳು ಬಂತು. ಗಿರಿಜೆ ಬೈಯಲಿಲ್ಲ. ಸೆರಗಿನಿಂದ ನನ್ನ ಹಣೆಯ ಅಂಬಲಿ ಒರೆಸಿ, "ಸುಟ್ಟಿಲ್ಲ ತಾನೆ?" ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ಹಿಂದಿನಿಂದ ಹಾರನ್ನು. ಧೂಳೆಬ್ಬಿಸಿಕೊಂಡು ಗಂಭೀರವಾಗಿ ಬಂತು, ಅರಕಲಗೂಡಿನ ಹತ್ತು ಗಂಟೆ ಬಸ್ಸು! ಅಡುಗೆಯವರು, ಸೌಟು, ಕೊಳದಪ್ಪಲೆ, ನನ್ನ ಹೆಂಡತಿ, ಎಲ್ಲವನ್ನೂ ಹತ್ತಿಸಿಕೊಂಡು ಹೋಯಿತು. ಕಾರು ಕಾಯಲು ನಾನು ಉಳಿದೆ.

ಅರ್ಧ ಗಂಟೆಯ ಮೇಲೆ ತೆಂಗಿನಕಾಯಿ ಇಳಿಸಲು ಮಂಡಿಗೆ ಹೋಗುತ್ತಿದ್ದ ತಿಮ್ಮಣ್ಣ ಎಂಬ ಮುದುಕ ತನ್ನ ಎತ್ತಿನ ಗಾಡಿ ನಿಲ್ಲಿಸಿದ. ಹಗ್ಗ ಕಟ್ಟಲು ಕಾರಿನ ಅಡಿ ತಲೆ ಹಾಕಿದವನು ಅಲ್ಲಿಂದಲೇ ಕೇಳಿದ.

"ಸಾ, ಈ ನಲ್ಲಿ ಯಾಕೆ ಅರ್ಧಂಬರ್ಧ ತಿರುಗ್ಸಿದೀರಾ? ಬಾಯ್ತುಂಬ ಇಟ್ಟು ಕಚ್ಕೊಂಡದೆ."

ನಾನೂ ಮಲಗಿ ನೋಡಿದೆ. ತಿಮ್ಮಣ್ಣ ಹಿಟ್ಟು ಕೆರೆದು ನಲ್ಲಿಯನ್ನು ಅರ್ಧ ಸುತ್ತು ತಿರುಗಿಸಿದ. ಅಷ್ಟೇ. ಇಡೀ ಕಾಯಿಲೆಯೇ ಅಷ್ಟು! ಆ ಅರ್ಧ ಸುತ್ತಿಗೆ ಬದಲಾಗಿ ನಾನು ಮಾಡಿದ ಚಿಕಿತ್ಸೆಯನ್ನು ಕೆರೆದು ತೆಗೆಯಲು ಆಮೇಲೆ ಚನ್ನರಾಯಪಟ್ಟಣದ ಮೆಕ್ಯಾನಿಕ್ಕಿಗೆ ಮೂರು ದಿನ ಬೇಕಾಯಿತು.

"ತಿಮ್ಮಣ್ಣ, ನಿನ್ನ ದಮ್ಮಯ್ಯ. ಈ ನಲ್ಲಿ ವಿಷಯ ಯಾರಿಗೂ ಹೇಳಬೇಡ" ಎಂದೆ. "ಆಣೆಗೂ ಯೋಳಾಕಿಲ್ಲ ಸಾ" ಎಂದು ಅವನು ಎತ್ತಿನ ಬೆನ್ನು ಮುಟ್ಟಿ ಪ್ರಮಾಣ ಮಾಡಿದ.

ಎತ್ತುಗಳ ಹಿಂದೆ ನನ್ನ ಕಾರು ಚಪ್ಪರದ ಮುಂದೆ ನಿಲ್ಲುವುದಕ್ಕೂ ಬೀಗರು ಬಂದಿಳಿಯುವುದಕ್ಕೂ ಸರಿಹೋಯಿತು. ಯಾವುದನ್ನು ಎದುರುಗೊಳ್ಳಬೇಕೆಂದು ತಿಳಿಯದೆ ವಾಲಗದವರು ಎರಡಕ್ಕೂ ಸೇರಿಸಿ ಊದಿದರು. ಒಳಗಿನಿಂದ ಒಗ್ಗರಣೆಯ ಘಮ ಬಂತು. ಒಲೆ ಹೊತ್ತಿಗೆ ಸರಿಯಾಗಿ ಹತ್ತಿತ್ತು! ನನ್ನ ಜೀವ ತಿರುಗಿ ಬಂತು.

ಪಂಕ್ತಿಯಲ್ಲಿ ಬೀಗರು ಎರಡೆರಡು ಸಲ ಸಾರು ಹಾಕಿಸಿಕೊಂಡರು. ಮುದ್ದೆಗೆ ಹಿಟ್ಟಿಲ್ಲದೆ ನಂಜುಂಡಪ್ಪನವರೂ ಅಂದು ತಮ್ಮ ಅಡುಗೆಯನ್ನೇ ಉಣ್ಣಬೇಕಾಯಿತು. ಒಂದು ತುತ್ತು ಬಾಯಿಗಿಟ್ಟವರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು: "ಸಾರಿಗೆ ಉಪ್ಪು ಒಂಚೂರು ಮುಂದಾಗದೆ. ಇಷ್ಟ್ ವರ್ಸ ಯಾರೂ ಬಾಯ್ಬುಟ್ಟು ಯೋಳ್ನಿಲ್ವಲ್ಲ ಸಾ!"

ಕೈತೊಳೆಯಲು ಹಿತ್ತಲಿನ ನಲ್ಲಿಯ ಹತ್ತಿರ ಹೋದೆ. ಅಲ್ಲಿ ಮಾವನವರು, ನಾಲ್ಕಾರು ಬೀಗರು, ಗಿರಿಜೆ.

"ಕಾರಿಗೆ ಏನಾಗಿತ್ತಂತೆ ಅಳೀಮಯ್ಯ?" ಎಂದರು ಮಾವನವರು. ಏಳು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ!

ನಾನು ಗಂಟಲು ಸರಿಮಾಡಿಕೊಂಡೆ. "ಅದು ಬಹಳ ಸೂಕ್ಷ್ಮವಾದ ದೋಷ ಮಾವ. ಒಳಗಿನ ಒತ್ತಡ ಮತ್ತು ಹೊರಗಿನ ಒತ್ತಡಗಳ ನಡುವೆ ಸಮತೋಲನ ತಪ್ಪಿ..."

ಬೀಗರು ತಲೆದೂಗಿದರು. ಮಾವನವರ ಹುಬ್ಬು ಮೊದಲ ಬಾರಿಗೆ ಕೆಳಗಿಳಿಯುತ್ತಿತ್ತು. ಆಗ ಪಕ್ಕದ ಚಪ್ಪರದ ಎರಡನೇ ಪಂಕ್ತಿಯಲ್ಲಿ ಕುಳಿತಿದ್ದ ತಿಮ್ಮಣ್ಣ, ಊಟ ಕೊಟ್ಟ ಮನೆಗೆ ನಿಯತ್ತು ತೋರಿಸಲು, ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿದ:

"ಮೇಷ್ಟ್ರೇ! ನೀವು ನಲ್ಲಿ ತಿರುಗ್ಸೋದ್ ಮರ್ತಿದ್ನ ನಾನ್ ಯಾರ್ಗೂ ಯೋಳಿಲ್ಲ ಕಣ್ರೀ!"

ಮಾವನವರ ಹುಬ್ಬು ಮತ್ತೆ ಮೇಲೇರಿತು. ನಾನು ತಲೆ ತಗ್ಗಿಸಿ, ಸರಸರನೆ ಕೈ ತೊಳೆದು, ನಲ್ಲಿ ತಿರುಗಿಸಿ ಹೊರಟೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದೆ 'ಟಣ್' ಎಂದಿತು. ತಿರುಗಿ ನೋಡಿದೆ.

ಗಿರಿಜೆ ನಲ್ಲಿಯ ಕೆಳಗೆ ಚೊಂಬು ಇಡುತ್ತಿದ್ದಳು.