ಒಂಬತ್ತು ಅಂಕದ ಮಗಳೂ ಒಂದು ಡಜನ್ ಮೊಟ್ಟೆಯೂ

ನನ್ನ ಮಗಳಿಗೆ ಪಾಸಾಗೋದು ಗೊತ್ತಿಲ್ಲ ಸ್ವಾಮಿ. ಫೇಲಾಗ್ತಾಳೆ ಅಂತಲ್ಲ. ಹತ್ತಕ್ಕೆ ನಾಲ್ಕು ಬಂದರೆ ಪಾಸು ಅಂತ ಕಾಲೇಜೇ ಒಪ್ಪಿಕೊಂಡಿರುವಾಗ, ಆರು ಬಂದರೂ ಬೇಡ ಅಂತ ವಾಪಸ್ ಕೊಟ್ಟು ಬರುವವಳನ್ನು ಏನನ್ನಬೇಕು? ಕಳೆದ ವರ್ಷ ಹಾಗೇ ಮಾಡಿದಳು. ಮೇಷ್ಟ್ರು ಆರು ಕೊಡ್ತೀನಿ ಅಂದರೆ, "ಬರೀಬೇಡಿ ಸರ್, ಇನ್ನೊಂದು ಸಲ ಬರ್ತೀನಿ" ಅಂತ ಎದ್ದು ಬಂದಳಂತೆ. ನಾನು ರೊಸಾರಿಯೊ ಊರಲ್ಲಿ ಹಾಸಿಗೆ ಅಂಗಡಿ ಇಟ್ಟವನು. ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸಿದ್ದರೆ ಇಷ್ಟೊತ್ತಿಗೆ ನಾವೆಲ್ಲ ಬರೀ ನೆಲದ ಮೇಲೆ ಮಲಗಬೇಕಿತ್ತು.

"ಡಿಗ್ರಿ ಅಂದ್ರೆ ಡಿಗ್ರಿ ಕಣಮ್ಮ. ಅಂಕ ಯಾರು ಕೇಳ್ತಾರೆ?" ಅಂದೆ.

"ಸರಾಸರಿ ಕೇಳ್ತಾರಪ್ಪಾ! ಎಂಟು ಇಲ್ಲ ಅಂದ್ರೆ ಡಾಕ್ಟರೇಟ್ ವಿದ್ಯಾರ್ಥಿವೇತನದ ಅರ್ಜೀನ ಯಾರೂ ಮೂಸಿಯೂ ನೋಡಲ್ಲ" ಅಂದಳು ಯಾನಿನಾ.

"ವೇತನ ಬೇಕಾದ್ರೆ ಕೆಲಸಕ್ಕೆ ಸೇರು. ಬಣ್ಣದ ಕಾರ್ಖಾನೇಲಿ ನಿನ್ನ ಮಾವ ಇದಾನಲ್ಲ, ರಸಾಯನಶಾಸ್ತ್ರ ಓದಿದೋರು ಬೇಕು ಅಂತ ಬಾಯಿ ಬಾಯಿ ಬಿಡ್ತಿದಾನೆ."

"ಅಲ್ಲೂ ಕೇಳ್ತಾರೆ!" ಅಡುಗೆಮನೆಯಿಂದ ನನ್ನ ಧರ್ಮಪತ್ನಿ ನೆಲಿದಾ ಗುಡುಗಿದಳು. "ಎಂಟರ ಮೇಲಿದ್ರೆ ಪ್ರಯೋಗಾಲಯ, ಕೆಳಗಿದ್ರೆ ಡಬ್ಬಕ್ಕೆ ಚೀಟಿ ಅಂಟಿಸೋ ಕೆಲಸ. ನನ್ನ ತಮ್ಮನೇ ಹೇಳಿದ. ಗೊತ್ತಿಲ್ಲದ್ದಕ್ಕೆ ಬಾಯಿ ಹಾಕಬೇಡ ಮಾರಾಯ."

ಆಗಿದ್ದು ಇಷ್ಟು. ಮೊದಲ ವರ್ಷ ಭೌತಶಾಸ್ತ್ರದಲ್ಲಿ ಹುಡುಗಿ ಎರಡು ಅಂಕ ತಗೊಂಡು ಡುಮ್ಕಿ ಹೊಡೆದಿದ್ದಳು. ಆಮೇಲೆ ಪಾಸಾದರೂ ಆ ಎರಡು ಮಾತ್ರ ಸರಾಸರಿಯೊಳಗೆ ಠಿಕಾಣಿ ಹೂಡಿಬಿಟ್ಟಿದೆ (ನನ್ನ ಅತ್ತೆ ನಮ್ಮನೆಗೆ ಬಂದ ಹಾಗೆ; ನೆಲಿದಾಗೆ ಹೇಳಬೇಡಿ). ಅದರಿಂದಾಗಿ ಎಂಟಕ್ಕೆ ಕೂದಲೆಳೆಯಷ್ಟು ಕಮ್ಮಿ. ಉಳಿದದ್ದು ಒಂದೇ ಪರೀಕ್ಷೆ. ಅದರಲ್ಲಿ ಒಂಬತ್ತು ಬಂದರೆ ಎಂಟು ಮುಟ್ಟುತ್ತೆ, ಬರದಿದ್ದರೆ ಇಲ್ಲ. ಅರ್ಜಿಗೆ ಕೊನೇ ದಿನ ಪರೀಕ್ಷೆಯ ವಾರದ ಶುಕ್ರವಾರವೇ.

ನನ್ನ ತಲೆಯಲ್ಲಿದ್ದದ್ದು ಬೇರೆ: ಮೊಟ್ಟೆ. ನಮ್ಮಲ್ಲಿ ಕೊನೇ ಪರೀಕ್ಷೆ ಮುಗಿಸಿ ಬಂದವರಿಗೆ ಕಾಲೇಜಿನ ಬಾಗಿಲಲ್ಲೇ ಮೊಟ್ಟೆ, ಮೈದಾ, ಚಹಾದ ಹಾಗೆ ಕುಡಿದು ಬಿಟ್ಟ ಮಾಟೆ ಸೊಪ್ಪಿನ ಚರಟ ಎಲ್ಲದರ ಮಹಾಭಿಷೇಕ ಆಗದಿದ್ದರೆ ಪದವಿ ಬಂದ ಹಾಗೇ ಅಲ್ಲ. ನಮ್ಮ ವಂಶದಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹಾಗಾಗಿ ಇಷ್ಟು ವರ್ಷ ಅಕ್ಕಪಕ್ಕದವರ ಮಕ್ಕಳಿಗೆ ಹೊಡೆದು ಹೊಡೆದೇ ಕೈ ಪಳಗಿಸಿಕೊಂಡಿದ್ದೆ. ಸ್ವಂತ ಮಗಳ ತಲೆಗೆ ಮೊದಲ ಮೊಟ್ಟೆ ನಾನೇ ಹೊಡೆಯಬೇಕು ಅನ್ನೋದು ನನ್ನ ಜೀವಮಾನದ ಆಸೆ. ಮೊಟ್ಟೆ ಚೆನ್ನಾಗಿ ಹಣ್ಣಾಗಲಿ ಅಂತ ಮುಂಚೆಯೇ ತಂದು ಗೋದಾಮಿನಲ್ಲಿ ಇಟ್ಟಿದ್ದೆ.

"ಹೊರಗೆ ಫುಟ್‌ಪಾತಲ್ಲೇ ನಿಂತಿರು. ಒಳಗೆ ಕಾಲಿಟ್ಟೀಯ, ಜೋಕೆ!" ಅಂತ ಪರೀಕ್ಷೆಯ ದಿನ ನನ್ನನ್ನು ಕಾಲೇಜಿನ ಮುಂದೆ ನಿಲ್ಲಿಸಿ ನೆಲಿದಾ ಬೇಕರಿಗೆ ಕೇಕ್ ತರೋಕೆ ಹೋದಳು. ಆದರೆ ಪರಾನಾ ನದಿ ಕಡೆಯಿಂದ ಗಾಳಿ ಬೀಸಿತು ನೋಡಿ, ಹಿಡಿ ಹಿಡಿ ಮೈದಾ ನನ್ನ ಮುಖಕ್ಕೇ ವಾಪಸ್ ಬಂತು. ತಕ್ಷಣ ಯುದ್ಧತಂತ್ರ ಬದಲಿಸಿ, ಒಳಗೆ ಪಡಸಾಲೆಗೆ ನುಗ್ಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ.

ಪರೀಕ್ಷಾ ಕೊಠಡಿಯ ಬಾಗಿಲು ತೆರೆಯಿತು. ಯಾನಿನಾ ಬಂದಳು.

"ಬಂದಳಪ್ಪಾ ನಮ್ಮ ವಿಜ್ಞಾನಿ!" ಅಂತ ಕೂಗಿ ಶುರು ಹಚ್ಚಿಕೊಂಡೆ. ನೆತ್ತಿಗೊಂದು, ಭುಜಕ್ಕೊಂದು, ಮೇಲೆ ಮೈದಾ.

"ಅಪ್ಪಾ! ನಿಲ್ಸಪ್ಪಾ!"

ನಾಚಿಕೆ ಪಡ್ತಿದಾಳೆ ಅಂದುಕೊಂಡು ಇನ್ನೂ ನಾಲ್ಕು ಹೊಡೆದೆ.

"ಮುಗಿದಿದ್ದು ಬರೀ ಲಿಖಿತ ಅಪ್ಪಾ! ಮೌಖಿಕ ಈಗ ಇದೆ! ಮೂರು ಜನ ಮೇಷ್ಟ್ರ ಮುಂದೆ!"

ಅಷ್ಟರಲ್ಲಿ ಒಳಗಿಂದ ಅವಳ ಹೆಸರು ಕರೆದರು. ಗಂಧಕದ ಗಣಿಯ ಹಾಗೆ ನಾರುತ್ತಾ, ಹಳದಿ ತೊಟ್ಟಿಕ್ಕಿಸುತ್ತಾ ನನ್ನ ಮಗಳು ಒಳಗೆ ಹೋದಳು. ಹಿಂದಿನಿಂದ ಕೇಕ್ ಹಿಡಿದುಕೊಂಡು ನೆಲಿದಾ ಬಂದಳು. ನನ್ನನ್ನು ನೋಡಿದಳು, ನೆಲ ನೋಡಿದಳು, ಆಮೇಲೆ ನನ್ನ ಬೆನ್ನ ಹಿಂದಿನ ನೋಟೀಸು ಜೋರಾಗಿ ಓದಿದಳು: "ಕಟ್ಟಡದ ಒಳಗೆ ಮನೆಯವರು ಮೊಟ್ಟೆ ಎಸೆದಲ್ಲಿ ಆ ವಿದ್ಯಾರ್ಥಿಯ ಅಂಕವನ್ನು ಒಂದು ತಿಂಗಳು ತಡೆಹಿಡಿಯಲಾಗುವುದು."

"ನಾನು ನೋಡಲಿಲ್ಲ ಕಣೇ, ಬೆನ್ನು ಕೊಟ್ಟು ನಿಂತಿದ್ದೆ."

"ಶುಕ್ರವಾರ ಅರ್ಜಿ ಹೋಗಬೇಕು ಮನುಷ್ಯಾ! ಅಷ್ಟು ವರ್ಷದ ಓದು ನೀರಲ್ಲಿ ಹೋಮ ಮಾಡಿಬಿಟ್ಯಲ್ಲೋ!"

ತಮಾಷೆ ಅಲ್ಲ, ನಿಜವಾಗಿ ಅಳು ಬಂತು. ಆರು ಅಂಕವನ್ನೂ ಬೇಡ ಅಂದು ಮತ್ತೆ ಮತ್ತೆ ಕೂತು ಓದಿದ ಮಗು ಅದು. ಅದರ ತಲೆಗೆ ಕಲ್ಲು ಹಾಕಿದ್ದರೂ ಇಷ್ಟು ನಷ್ಟ ಆಗ್ತಿರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಯಾನಿನಾ ಹೊರಗೆ ಬಂದಳು. "ಒಂಬತ್ತು!"

ನಾನು ಎರಡೂ ಕೈ ಚಾಚಿ ಓಡಿದೆ. ಅವಳು ಹಿಂದಕ್ಕೆ ಸರಿದು ಪಿಸುಗುಟ್ಟಿದಳು. "ಮುಟ್ಟಬೇಡ. ನಾನು ನಿನ್ನ ಮಗಳಲ್ಲ."

"ಏನು?"

"ಒಳಗೆ ನನ್ನ ನೋಡಿ ಅವರಿಗೆ ಅಯ್ಯೋ ಪಾಪ ಅನ್ನಿಸ್ತು. ಮನೆಯವರು ಆಗಲೇ ಹೊಡೆದುಬಿಟ್ಟಿದಾರೆ, ಇನ್ನು ಫೇಲ್ ಹೇಗೆ ಮಾಡೋದು, ನಾಲ್ಕು ಹಾಕಿ ಕಳಿಸೋಣ ಅಂದ್ರು. ನಾಲ್ಕು! ನಂಗೆ ತಲೆಕೆಟ್ಟು, ಅವರು ನಮ್ಮನೆಯವರೇ ಅಲ್ಲ, ಯಾರೋ ಗುರುತು ತಪ್ಪಿ ಹೊಡೆದ್ರು, ದಯೆ ಬೇಡ, ಪ್ರಶ್ನೆ ಕೇಳಿ ಅಂದೆ. ಆಮೇಲೆ ಪ್ರಶ್ನೆ ಕೇಳಿ ಕೇಳಿ ಅರೆದುಬಿಟ್ರು. ಈಗ ನೀನು ಅಪ್ಪ ಅಂತ ಗೊತ್ತಾದ್ರೆ ಆ ನೋಟೀಸು ಇದೆಯಲ್ಲ."

ಹಿಂದೆಯೇ ಪರೀಕ್ಷಕರ ಮುಖ್ಯಸ್ಥೆ ಡಾಕ್ಟರ್ ಎಚೆವೆರಿ ಬಂದರು. ನನ್ನ ಕೈಯಲ್ಲಿದ್ದ ಮೈದಾ ಚೀಲ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಇವರೇನಾ ಅವರು? ನಿಮಗೆ ಪರಿಚಯವಾ ಅಮ್ಮಾ?" ಅಂತ ಕೇಕ್ ಹಿಡಿದು ನಿಂತ ನೆಲಿದಾಳನ್ನು ಕೇಳಿದರು.

ನೆಲಿದಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈ ಮುಖಾನ ಜನ್ಮದಲ್ಲಿ ನೋಡಿಲ್ಲ ಮೇಡಂ." (ಅಷ್ಟು ಸಲೀಸಾಗಿ ಹೇಳಬೇಕಾಗಿರಲಿಲ್ಲ.)

"ಮತ್ತೆ ನೀವು ಯಾರ ತಂದೆ ಸ್ವಾಮಿ?"

"ನನ್ನ... ಮಗ ಮೇಡಂ. ಇನ್ನೂ ಒಳಗಿದಾನೆ."

"ಹೇಗೆ ಓದ್ತಾನೆ?"

"ನಾಲ್ಕು ಬಂದ್ರೆ ಸಾಕು ಅಂತಾನೆ."

"ಪಾಪ, ಅಪ್ಪನ್ನೇ ಹೋಲ್ತಾನೆ ಅಂತ ಕಾಣುತ್ತೆ" ಅಂದಳು ನೆಲಿದಾ.

ಮೇಡಂ ನಕ್ಕುಬಿಟ್ಟರು. ಆಮೇಲೆ ಯಾನಿನಾಳ ಫೋನು ನನ್ನ ಕೈಗಿಟ್ಟರು. "ಈ ಹುಡುಗಿಗೆ ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಅಂತ ನಮ್ಮದೊಂದು ಫೋಟೋ ತೆಗೀರಿ."

ತೆಗೆದೆ. ಈಗ ಅದು ನಮ್ಮ ಊಟದ ಮೇಜಿನ ಎದುರಿಗಿದೆ. ನಡುವೆ ಮೈದಾ ಮೆತ್ತಿಕೊಂಡು ನಗುತ್ತಿರುವ ಮಗಳು, ಒಂದು ಪಕ್ಕ ಅವಳಮ್ಮ, ಇನ್ನೊಂದು ಪಕ್ಕ ಮೇಡಂ. ಬಂದವರೆಲ್ಲ ಅಪ್ಪ ಎಲ್ಲಿ ಅಂತ ಕೇಳ್ತಾರೆ. ಕೆಳಗಿನ ಮೂಲೆಯಲ್ಲಿ ಮಸುಕಾಗಿ ಒಂದು ಹೆಬ್ಬೆರಳಿದೆ, ಅದನ್ನು ತೋರಿಸ್ತೀನಿ.