ನಮ್ಮ ವೈಫೈಗೆ ನುಗ್ಗಿದ ಅಪರಿಚಿತ

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮೂರು ತಲೆಮಾರಿನ ಸೀರೆ ನೇಯುವ ಮನೆತನ. ಮಗ್ಗದ ನಂಬರು ಬರೆಯದೆ ನಮ್ಮಲ್ಲಿಂದ ಒಂದು ಸೀರೆ ಹೊರಗೆ ಹೋದದ್ದಿಲ್ಲ. ಪಕ್ಕದ ಮನೆಯ ಕರಿಬೇವಿನ ಎಲೆಯೂ ಕೇಳದೆ ಒಳಗೆ ಬಂದದ್ದಿಲ್ಲ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಹಾಜರಿ ಕೂಗಿದಾಗ ಎದ್ದು ನಿಂತು ಸ್ಪಷ್ಟವಾಗಿ ಉತ್ತರಿಸಬೇಕೆಂದು ಸಿಸ್ಟರ್‌ಗಳು ಕಲಿಸಿದ್ದರು. ಹುಡುಕಿಕೊಂಡು ಬಂದಂತೆ, ಇಂಥ ಮನೆಗೇ ಇಂಥವೆಲ್ಲ ವಕ್ಕರಿಸುತ್ತವೆ.

ಎಚ್ಚರಿಕೆ

ಹೊಸ ವೈಫೈ ಪೆಟ್ಟಿಗೆ ಬಂದ ವಾರದಲ್ಲೇ ನನ್ನ ಫೋನಿಗೆ ಎಚ್ಚರಿಕೆ ಬಂತು. ಅಪರಿಚಿತ ಸಾಧನವೊಂದು ನಿಮ್ಮ ನೆಟ್‌ವರ್ಕ್ ಸೇರಿದೆ ಎಂದು. ಹೆಸರಿಲ್ಲ, ಅಂಕಿ ಅಕ್ಷರ ಬೆರೆಸಿದ ಉದ್ದನೆಯ ನಂಬರು ಮಾತ್ರ. ಕಂಪನಿಗೆ ಫೋನ್ ಮಾಡಿದೆ. ಪ್ರತಿ ಫೋನಿಗೂ ತಯಾರಾಗುವಾಗಲೇ ಇಂಥ ಒಂದು ನಂಬರು ಕೊಟ್ಟಿರುತ್ತಾರೆ, ಅದು ಬದಲಾಗುವುದೇ ಇಲ್ಲ, ನಿಮ್ಮ ಮನೆಯದ್ದಲ್ಲದಿದ್ದರೆ ಬ್ಲಾಕ್ ಮಾಡಿ ಎಂದ ಆ ಮನುಷ್ಯ. ಅಷ್ಟಕ್ಕೆ ಬಾಯಿ ಮುಚ್ಚಲಿಲ್ಲ.

"ಪಕ್ಕದ ಮನೆಯೋರೇ ಇರ್ತಾರೆ ಮೇಡಂ. ಎಲ್ಲಾ ಕಡೆ ಅವ್ರೇ."

ನಮ್ಮ ಪಕ್ಕದ ಮನೆಯಾಕೆ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾರೆ. ಇಪ್ಪತ್ತು ವರ್ಷದ ಸ್ನೇಹ. ಆದರೆ ಬೀದಿಯಲ್ಲಿ ಆ ವಿದ್ಯೆ ಗೊತ್ತಿದ್ದದ್ದು ಅವರೊಬ್ಬರಿಗೇ. ವಿಚಾರಣೆ ಅಲ್ಲಿಗೇ ಮುಗಿಯಿತು.

ಹಾಜರಿ ಪುಸ್ತಕ

ನೋಟ್‌ಬುಕ್ಕಿಗೆ ಗೆರೆ ಎಳೆದು ನನ್ನ ಫೋನು, ಯಜಮಾನರ ಫೋನು, ಟಿವಿ, ಮೂರರ ನಂಬರನ್ನೂ ಸೆಟ್ಟಿಂಗ್ಸ್‌ನಿಂದ ನೋಡಿ ಬರೆದೆ. ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಹಾಜರಿ. ನಾನು ಹಾಜರ್, ಟಿವಿ ಹಾಜರ್, ಯಜಮಾನರು ಗೈರು. ಫೋನ್ ಬಿಟ್ಟು ಮಗ್ಗದ ಕಡೆ ಗಮನ ಕೊಡುತ್ತಿದ್ದಾರೆಂದು ಸಂತೋಷಪಟ್ಟೆ. ಅಪರಿಚಿತನನ್ನು ಬ್ಲಾಕ್ ಮಾಡಿದೆ. ಮರುದಿನ ಬೇರೆ ನಂಬರಿನಲ್ಲಿ ಬಂದ. ಅದನ್ನೂ ಬ್ಲಾಕ್ ಮಾಡಿದೆ.

"ನೆಟ್ಟೇ ಬರ್ತಿಲ್ವಲ್ಲೇ" ಎಂದು ಯಜಮಾನರು ಒಂದು ಸಂಜೆ ಗೊಣಗಿದರು. ಕಳ್ಳ ಎಲ್ಲವನ್ನೂ ಎಳೆದುಕೊಳ್ಳುತ್ತಿದ್ದಾನೆ, ಹಿಡಿಯುವವರೆಗೂ ತಾಳ್ಮೆ ಇರಲಿ ಎಂದೆ. ಅವರು ಫೋನ್ ಜೇಬಿಗಿಟ್ಟು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನಾಲ್ಕು ನಂಬರು ಬ್ಲಾಕ್ ಆದ ಮೇಲೆ ಕಳ್ಳ ಬರುವುದೇ ನಿಂತಿತು. ಗೆದ್ದೆನೆಂದು ಆ ದಿನ ಪಾಯಸ ಮಾಡಿದೆ. ಯಜಮಾನರು ಎರಡು ಲೋಟ ಕುಡಿದರು.

ಅರಿಶಿನ ಕುಂಕುಮ

ವರಮಹಾಲಕ್ಷ್ಮಿ ಹಬ್ಬಕ್ಕೆ ಬೀದಿಯ ಎಲ್ಲಾ ಮನೆಗೂ ಹೋಗಿ ಕರೆದೆ. ಪಕ್ಕದ ಮನೆಯ ಬಾಗಿಲು ಮಾತ್ರ ತಟ್ಟದೆ ಮುಂದೆ ಹೋದೆ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಸಾಯಂಕಾಲ ಆಕೆಯೇ ಬಂದರು. ಹೊಸ್ತಿಲಾಚೆ ನಿಂತು ಕನ್ನಡಕ ಚಾಚಿದರು.

"ನಿಮ್ಮೆಜಮಾನ್ರು ನಮ್ಮ ಜಗುಲೀಲಿ ಬಿಟ್ಟು ಬಂದಿದಾರೆ ಅಕ್ಕಾ. ದಿನಾ ಸಂಜೆ ನಮ್ಮ ವೈಫೈಲಿ ಕ್ರಿಕೆಟ್ ನೋಡೋಕೆ ಬರ್ತಾರಲ್ಲ. ನಿಮ್ಮನೇಲಿ ಯಾರೋ ಕಳ್ಳನ ಕಾಟ ಅಂತೆ, ಪಾಪ."

ನನ್ನ ಮುಖ ಎಲ್ಲಿಡಲಿ? ಒಳಗೆ ಕರೆದು ಹಾಜರಿ ಪುಸ್ತಕ ಕೊಟ್ಟೆ. ಆಕೆ ಅದನ್ನೂ ಯಜಮಾನರ ಫೋನನ್ನೂ ನೋಡಿದರು. ಹೊಸ ಫೋನುಗಳು ಗುರುತು ಮರೆಸಲು ತಮ್ಮ ನಿಜವಾದ ನಂಬರು ಬಿಟ್ಟು ಒಂದು ಸುಳ್ಳು ನಂಬರು ತೋರಿಸುತ್ತವಂತೆ. ನಾನು ಬ್ಲಾಕ್ ಮಾಡಿದಾಗಲೆಲ್ಲ ಇವರು ಫೋನಿನಿಂದ ವೈಫೈಯನ್ನು ತೆಗೆದುಹಾಕಿ ಮತ್ತೆ ಸೇರಿಸಿದ್ದಾರೆ, ಪ್ರತಿ ಸಲವೂ ಹೊಸ ಸುಳ್ಳು.

"ನೀವು ಹಿಡಿದಿರೋ ನಾಲ್ಕು ಜನ ಕಳ್ಳರೂ ನಿಮ್ಮೆಜಮಾನ್ರೇ ಅಕ್ಕಾ."

ನಿಜವಾದ ನಂಬರನ್ನೇ ತೋರಿಸುವಂತೆ ಮಾಡಿಕೊಟ್ಟರು. ತಕ್ಷಣ ಫೋನಿನಲ್ಲಿ, ನಿಮ್ಮ ಗೋಪ್ಯತೆಗೆ ಅಪಾಯ ಎಂಬ ಎಚ್ಚರಿಕೆ. ಸುಳ್ಳು ಹೇಳಿದರೆ ಪೆಟ್ಟಿಗೆ ಕೂಗುತ್ತದೆ, ನಿಜ ಹೇಳಿದರೆ ಫೋನು ಕೂಗುತ್ತದೆ.

ಆಕೆಗೆ ಅರಿಶಿನ ಕುಂಕುಮ ಕೊಟ್ಟು, ನಿಮ್ಮನ್ನು ಅನುಮಾನಿಸಿದ್ದು ನನ್ನ ತಪ್ಪು ಎಂದು ಪೂರ್ತಿ ವಾಕ್ಯದಲ್ಲಿ ಹೇಳಿದೆ. ಆಕೆ ಕುಂಕುಮ ಹಚ್ಚಿಕೊಂಡು, ಹಬ್ಬದ ಪಾಯಸ ಉಳಿದಿದೆಯೇ ಎಂದು ಕೇಳಿದರು.

ಕಂಪನಿಯ ಫೋನು

ಮರುವಾರ ಅದೇ ಮನುಷ್ಯ ಫೋನ್ ಮಾಡಿ ಸಮಸ್ಯೆ ಬಗೆಹರಿಯಿತೇ ಎಂದು ವಿಚಾರಿಸಿದ. ಪಕ್ಕದ ಮನೆಯವರು ಕಳ್ಳರಲ್ಲ, ನಿನ್ನ ಮಾತು ಕೇಳಿ ಹಬ್ಬದ ದಿನ ಅವರಿಗೆ ಅವಮಾನ ಮಾಡಿದೆ ಎಂದೆ. ಅವನು ಯೋಚಿಸಿದ.

"ಹಂಗಾದ್ರೆ ಆ ಕಡೆ ಪಕ್ಕದ ಮನೆಯೋರಿರ್ತಾರೆ ಮೇಡಂ."

ನನ್ನ ಪಾಲಿನ ಕ್ಷಮೆ ನಾನು ಕೇಳಿಯಾಗಿದೆ. ಆ ಮನುಷ್ಯ ನಮ್ಮ ಬೀದಿಗೆ ಬಂದು, ಪಕ್ಕದ ಮನೆಯಾಕೆಯ ಎದುರು ನಿಂತು ಕ್ಷಮೆ ಕೇಳಬೇಕು.